ಸ್ಪೇನಿಗೆ ಬರುವ ನೆಂಟರು

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ದೇಶ ಸುತ್ತುವ ಭಾಗ್ಯ ಎಲ್ಲರಿಗೂ ಒದಗುವುದಿಲ್ಲ. ಆದರೆ ಭೂಪಟವನ್ನು ಮುಂದೆ ಹರಡಿಕೊಂಡು ಒಂದು ನಾಡಿನ ಊರುಗಳನ್ನು ಬೆರಳಿನಿಂದ ಸುತ್ತಿ ಬರುವುದಕ್ಕೆ ಟಿಕೇಟಿನ ಅಗತ್ಯವಿಲ್ಲ. ವಿದ್ಯಾರ್ಥಿಗಳೇ, ಈ ಸಲ ನಾವು ಸ್ಪೇನ್ ದೇಶಕ್ಕೆ ಹೋಗಿ ಬರೋಣ. ಅಲ್ಲಿನ ನೋಟಗಳ ಜೊತೆಗೆ, ಅಲ್ಲಿಗೆ ಬರುವ ನೆಂಟರಿಗೂ ಮನೆಯವರಿಗೂ ಇರುವ ಸಂಬಂಧ ಎಂತಹದೆಂಬುದನ್ನೂ ತಿಳಿದುಕೊಳ್ಳೋಣ.

ಯುರೋಪಿನ ನೈಋತ್ಯ ಮೂಲೆಯಲ್ಲಿ ಐಬೀರಿಯ ಎಂಬ ಪರ್ಯಾಯ ದ್ವೀಪವಿದೆ. ಅದರ ಬಹುಭಾಗವನ್ನು ಸ್ಪೇನ್ ಆವರಿಸಿದೆ. ವಿಸ್ತೀರ್ಣ ಸುಮಾರು 5 ಲಕ್ಷ ಚದರ ಕಿಲೋಮೀಟರು. ಜನಸಂಖ್ಯೆ 5 ಕೋಟಿಗೆ ತುಸು ಕಡಿಮೆ. ಇಷ್ಟು ಜನರಿರುವ ನಾಡಿಗೆ 2024ನೆಯ ಇಸವಿಯಲ್ಲಿ ಬಂದ ವಿದೇಶಿ ಪ್ರವಾಸಿಗರ ಸಂಖ್ಯೆ ಸುಮಾರು 9 ಕೋಟಿ 40 ಲಕ್ಷ! ಮನೆಯಲ್ಲಿರುವವರು ಒಬ್ಬರಾದರೆ ಬಂದ ನೆಂಟರು ಹೆಚ್ಚುಕಡಿಮೆ ಇಬ್ಬರು ಎಂದಂತಾಯಿತು.

ಇದು ಹೇಗೆ ಸಾಧ್ಯವಾಯಿತು? 1936ರಿಂದ 1939ರ ವರೆಗೆ ನಡೆದ ಅಂತರ್ಯುದ್ಧದಿಂದ ಸ್ಪೇನ್ ಬಡವಾಗಿತ್ತು. ಬಳಿಕ 1975ರಲ್ಲಿ ಸಾಯುವವರೆಗೂ ಜನರಲ್ ಫ್ರಾಂಕೊ ಸರ್ವಾಧಿಕಾರಿಯಾಗಿ ಆಳಿದನು. 1959ರಲ್ಲಿ ಸರಕಾರವು ಆರ್ಥಿಕ ನೀತಿಯನ್ನು ಬದಲಾಯಿಸಿ, ಪೆಸೆಟ ಎಂಬ ಅಂದಿನ ನಾಣ್ಯದ ಬೆಲೆಯನ್ನು ಇಳಿಸಿತು. ಹೊರಗಿನವರಿಗೆ ಸ್ಪೇನ್ ಅಗ್ಗವಾಯಿತು. ಬ್ರಿಟನ್, ಜರ್ಮನಿ, ಸ್ವೀಡನ್ ಮುಂತಾದ ಚಳಿಯ ದೇಶಗಳವರಿಗೆ ಬಿಸಿಲೇ ಒಂದು ದೊಡ್ಡ ಸಂಪತ್ತು. ವಿಮಾನ ಪ್ರಯಾಣವೂ ಸುಲಭವಾಗುತ್ತ ಬಂದಿತು. 1960ರಲ್ಲಿ ಸುಮಾರು 60 ಲಕ್ಷವಿದ್ದ ಪ್ರವಾಸಿಗರ ಸಂಖ್ಯೆ 1973ರ ವೇಳೆಗೆ 3 ಕೋಟಿಯನ್ನು ದಾಟಿತು.

ಮೊದಲು ನಗರಗಳನ್ನು ನೋಡೋಣ. ದಕ್ಷಿಣದ ಗ್ರಾನಡದಲ್ಲಿ ಅಲ್ಹಾಂಬ್ರ ಎಂಬ ಅರಮನೆ-ಕೋಟೆಯಿದೆ. 13ನೆಯ ಶತಮಾನದಲ್ಲಿ ನಸ್ರೀದ್ ವಂಶದ ಮುಸಲ್ಮಾನ ಅರಸರು ಇದನ್ನು ಕಟ್ಟತೊಡಗಿದರು. ಅರಮನೆ ಇರುವುದು ಗುಡ್ಡದ ಮೇಲೆ, ನದಿ ಹರಿಯುವುದು ಕೆಳಗೆ. ನೀರನ್ನು ಮೇಲಕ್ಕೆತ್ತುವ ಬದಲು, ಅವರು ನದಿಯನ್ನೇ ಕೆಲವು ಕಿಲೋಮೀಟರು ಹಿಂದೆ ಎತ್ತರದಲ್ಲಿ ತಡೆದು, ಅಲ್ಲಿಂದ ಗುಡ್ಡದ ಮೈಯಲ್ಲಿ ಇಳಿಜಾರು ಕಾಲುವೆ ತೋಡಿ ನೀರು ತಂದರು. ಅಂಗಳದ ಕಾರಂಜಿಗಳೂ ಕೊಳಗಳೂ ತುಂಬಿದ್ದು ಹೀಗೆ. 1492ರಲ್ಲಿ ಈ ಅರಮನೆ ಕ್ರೈಸ್ತ ರಾಜದಂಪತಿಗಳಾದ ಇಸಬೆಲ್ಲ ಮತ್ತು ಫರ್ಡಿನಾಂಡರ ವಶವಾಯಿತು. ಕೊಲಂಬಸನು ಸ್ಪೇನಿನಿಂದ ಹಡಗೇರಿದ್ದೂ ಅದೇ ವರ್ಷ. ಇಂದು ಅಲ್ಹಾಂಬ್ರಕ್ಕೆ ದಿನಕ್ಕೆ ಇಷ್ಟೇ ಜನ ಎಂಬ ಮಿತಿಯಿದೆ. ಮುಂದಾಗಿ ಟಿಕೇಟು ಪಡೆಯದವರು ಎಷ್ಟೋ ಸಲ ಬಾಗಿಲಿನಿಂದಲೇ ಹಿಂದಿರುಗಬೇಕಾಗುತ್ತದೆ.

ಈಶಾನ್ಯದ ಬಾರ್ಸಿಲೋನದಲ್ಲಿ ಸಗ್ರಾದ ಫಮೀಲಿಯ ಎಂಬ ಇಗರ್ಜಿಯಿದೆ. 1882ರಲ್ಲಿ ಕೆಲಸ ಆರಂಭವಾಯಿತು. ಮರುವರ್ಷ ಆಂತೋನಿ ಗೌದಿ ಎಂಬ ಶಿಲ್ಪಿ ಹೊಣೆ ಹೊತ್ತನು. ಮರದ ಕೊಂಬೆಗಳಂತೆ ಕವಲೊಡೆಯುವ ಕಂಬಗಳು ಅವನ ಕಲ್ಪನೆ. 1926ರಲ್ಲಿ ಟ್ರಾಮಿಗೆ ಸಿಕ್ಕಿ ಅವನು ತೀರಿಹೋದನು. ಕಾಮಗಾರಿ ಮಾತ್ರ ಮುಂದಿನ ತಲೆಮಾರುಗಳ ಕೈಯಲ್ಲಿ ಸಾಗುತ್ತ ಬಂದಿದೆ. ನೋಡಲು ಬಂದವರು ಕೊಡುವ ಪ್ರವೇಶಧನವೇ ಅದರ ವೆಚ್ಚಕ್ಕೆ ಮುಖ್ಯ ಆಧಾರ. ನೆಂಟರ ಹಣದಿಂದ ಮನೆ ಮೇಲೇಳುವುದೆಂದರೆ ಇದೇ.

ಇನ್ನು ಕಡಲತೀರ. ಮೆಡಿಟರೇನಿಯನ್ ದಂಡೆಯ ಬೆನಿಡೋರ್ಮ್ ಒಂದು ಕಾಲಕ್ಕೆ ಮೀನುಗಾರರ ಊರು. ಸೂರೆ ಮೀನನ್ನು ಬಲೆಬೀಸಿ ಹಿಡಿಯುವುದರಲ್ಲಿ ಅಲ್ಲಿನವರು ಹೆಸರಾದವರು. 1956ರಲ್ಲಿ ಪೆದ್ರೊ ಸರಗೋಸ ಎಂಬ ನಗರಾಧ್ಯಕ್ಷನ ಕಾಲದಲ್ಲಿ ಊರಿಗೊಂದು ಯೋಜನೆ ತಯಾರಾಯಿತು. ಇಂದು ಅಲ್ಲಿ ಗಗನಚುಂಬಿ ಕಟ್ಟಡಗಳ ಕಾಡೇ ಇದೆ. ಎತ್ತರಕ್ಕೆ ಕಟ್ಟಿದ್ದರಿಂದ ನೆಲ ಉಳಿಯಿತು ಎಂದು ಹೊಗಳುವವರೂ ಇದ್ದಾರೆ, ಹಳೆಯ ಊರು ಮುಳುಗಿಹೋಯಿತು ಎಂದು ಮರುಗುವವರೂ ಇದ್ದಾರೆ.

ದ್ವೀಪಗಳಲ್ಲಿ ಎರಡು ಗುಂಪು. ಮಯೋರ್ಕ, ಮೆನೋರ್ಕ, ಇಬಿಸ, ಫೊರ್ಮೆಂತೇರ ಇವು ಮೆಡಿಟರೇನಿಯನ್ನಿನ ಬಾಲಿಯಾರಿಕ್ ದ್ವೀಪಗಳು. ಕನೇರಿ ದ್ವೀಪಗಳಾದರೋ ಆಫ್ರಿಕದ ಕರಾವಳಿಯ ಸಮೀಪ ಅಟ್ಲಾಂಟಿಕ್ ಸಾಗರದಲ್ಲಿವೆ. ಅವು ಜ್ವಾಲಾಮುಖಿಗಳಿಂದ ಹುಟ್ಟಿದವು. ಸ್ಪೇನಿನ ಅತಿ ಎತ್ತರದ ಶಿಖರವಾದ 3,715 ಮೀಟರಿನ ತೈದೆ ಇರುವುದು ಇಲ್ಲಿನ ಟೆನೆರಿಫ್ ದ್ವೀಪದಲ್ಲಿ. ಲಾನ್ಸರೋಟೆ ದ್ವೀಪದಲ್ಲಿ ಹುಟ್ಟಿದ ಸೆಸಾರ್ ಮನ್ರೀಕೆ ಎಂಬ ಕಲಾವಿದನು, ಬೆನಿಡೋರ್ಮಿನಂತಹ ಎತ್ತರದ ಕಟ್ಟಡಗಳು ತನ್ನ ದ್ವೀಪಕ್ಕೆ ಬೇಡವೆಂದು ಹಟ ಹಿಡಿದನು. ಆದುದರಿಂದಲೇ ಅಲ್ಲಿ ಇಂದಿಗೂ ಸುಣ್ಣ ಬಳಿದ ತಗ್ಗು ಮನೆಗಳೇ ಹೆಚ್ಚು. ಲಾ ಗೊಮೇರ ಎಂಬ ಪುಟ್ಟ ದ್ವೀಪದಲ್ಲಿ ಕಣಿವೆಯಿಂದ ಕಣಿವೆಗೆ ಸಿಳ್ಳೆಯಲ್ಲಿಯೇ ಮಾತಾಡುವ ಪದ್ಧತಿಯುಂಟು. ಅದು ಅಳಿಯಬಾರದೆಂದು 1999ರಿಂದ ಶಾಲೆಗಳಲ್ಲಿ ಪಾಠವಾಗಿ ಕಲಿಸುತ್ತಾರೆ. ಸಿಳ್ಳೆ ಹಾಕಿದರೆ ಮೇಷ್ಟರು ಗದರಿಸದ ಶಾಲೆ ಎಂದು ನೀವು ನಗಬಹುದು!

ಇಷ್ಟೆಲ್ಲ ಸೊಬಗಿದ್ದರೂ ಮನೆಯವರ ಮುಖದಲ್ಲಿ ಈಗ ಚಿಂತೆಯಿದೆ. ಪ್ರವಾಸೋದ್ಯಮವು ಸ್ಪೇನಿನ ಒಟ್ಟು ಉತ್ಪನ್ನದಲ್ಲಿ ನೂರಕ್ಕೆ ಸುಮಾರು 12 ಪಾಲನ್ನು ಒದಗಿಸುತ್ತದೆ. ಲಕ್ಷಾಂತರ ಜನರಿಗೆ ಅನ್ನ ಕೊಡುತ್ತದೆ. ಆದರೆ ಮನೆಯ ಒಡೆಯನು ಊರಿನವನಿಗೆ ತಿಂಗಳ ಬಾಡಿಗೆಗೆ ಕೊಡುವುದಕ್ಕಿಂತ ಪ್ರವಾಸಿಗೆ ದಿನದ ಬಾಡಿಗೆಗೆ ಕೊಟ್ಟರೆ ಲಾಭ ಹೆಚ್ಚು. ಆಗ ಊರಿನವನಿಗೆ ಮನೆಯೇ ಸಿಗದು. ಇಬಿಸದಲ್ಲಿ ಹೋಟೆಲಿನ ಕೆಲಸಗಾರರು ವ್ಯಾನುಗಳಲ್ಲಿಯೂ ಡೇರೆಗಳಲ್ಲಿಯೂ ಮಲಗಬೇಕಾಗಿ ಬಂದಿದೆ. ನೆಂಟರ ಹಾಸಿಗೆ ಹಾಸುವವನಿಗೇ ಮಲಗಲು ಜಾಗವಿಲ್ಲ! ನೀರಿನ ಪಾಡೂ ಹಾಗೆಯೇ. 2024ರ ಫೆಬ್ರುವರಿಯಲ್ಲಿ ಬರಗಾಲದಿಂದಾಗಿ ಬಾರ್ಸಿಲೋನದ ಸುತ್ತ ತುರ್ತು ಪರಿಸ್ಥಿತಿಯನ್ನು ಘೋಷಿಸಬೇಕಾಯಿತು. ಅದೇ ಏಪ್ರಿಲಿನಲ್ಲಿ ಕನೇರಿ ದ್ವೀಪಗಳಲ್ಲಿ ಸಾವಿರಾರು ಜನರು, ಪ್ರವಾಸಕ್ಕೊಂದು ಮಿತಿಯಿರಲಿ ಎಂದು ಬೀದಿಗಿಳಿದರು. ಬಾರ್ಸಿಲೋನ ನಗರಾಡಳಿತವು ಪ್ರವಾಸಿಗರಿಗೆ ಬಾಡಿಗೆಗಿರುವ ಸುಮಾರು 10,000 ಮನೆಗಳ ಪರವಾನಿಗೆಯನ್ನು 2028ರ ನವೆಂಬರಿನ ಅನಂತರ ಮುಂದುವರಿಸುವುದಿಲ್ಲವೆಂದು 2024ರಲ್ಲಿ ಸಾರಿತು.

ಹಾಗಾದರೆ ನೆಂಟನಾಗಿ ಹೋಗುವವನು ಏನು ಮಾಡಬೇಕು? ಜುಲೈ, ಆಗಸ್ಟ್ ತಿಂಗಳ ನೂಕುನುಗ್ಗಲನ್ನು ಬಿಟ್ಟು ವಸಂತದಲ್ಲಿಯೋ ಶರತ್ಕಾಲದಲ್ಲಿಯೋ ಹೋಗುವುದು ಒಳ್ಳೆಯದು. ಅಲ್ಲಿ ಮಧ್ಯಾಹ್ನದ ಊಟ 2 ಗಂಟೆಯ ಮೇಲೆ, ರಾತ್ರಿಯ ಊಟ 9 ಗಂಟೆಯ ಮೇಲೆ. ಇದಕ್ಕೊಂದು ಭೂಗೋಳದ ಕಾರಣವೂ ಇದೆ. ಮ್ಯಾಡ್ರಿಡ್ ಇರುವುದು ಗ್ರೀನಿಚ್ಚಿಗಿಂತ ಪಶ್ಚಿಮಕ್ಕೆ. ಆದರೆ 1940ರಿಂದ ಅಲ್ಲಿನ ಗಡಿಯಾರ ಬರ್ಲಿನ್ನಿನ ಸಮಯವನ್ನು ತೋರಿಸುತ್ತದೆ. ಹೀಗಾಗಿ ಸೂರ್ಯ ನೆತ್ತಿಗೆ ಬರುವಾಗ ಗಂಟೆ 12 ದಾಟಿ ಬಹಳ ಹೊತ್ತಾಗಿರುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು ಭಾಷೆ. ಬಾರ್ಸಿಲೋನದ ಮನೆಮಾತು ಕೆತಲಾನ್. ಬಾಲಿಯಾರಿಕ್ ದ್ವೀಪಗಳಲ್ಲಿಯೂ ಅದರ ರೂಪಗಳೇ ಬಳಕೆಯಲ್ಲಿವೆ. ಫ್ರಾಂಕೊ ಕಾಲದಲ್ಲಿ ಅದಕ್ಕೆ ಶಾಲೆಯ ಬಾಗಿಲು ಮುಚ್ಚಿತ್ತು. ಮಕ್ಕಳು ಮನೆಯಲ್ಲೊಂದು, ಶಾಲೆಯಲ್ಲೊಂದು ಭಾಷೆ ಆಡಿದರು. 1978ರ ಸಂವಿಧಾನವು ಪ್ರಾಂತಭಾಷೆಗಳಿಗೆ ಮಾನ್ಯತೆ ನೀಡಿತು. 1983ರ ಕಾನೂನಿನಿಂದ ಕೆತಲೋನಿಯದ ಶಾಲೆಗಳಲ್ಲಿ ಕೆತಲಾನ್ ಮತ್ತೆ ನೆಲೆಯೂರಿತು. ಅಷ್ಟು ದಿನ ಅದು ಉಳಿದದ್ದು ಅಡುಗೆಮನೆಯಲ್ಲಿ, ಅಜ್ಜಿಯರ ಬಾಯಲ್ಲಿ. ಅಲ್ಲಿ ಹೋದವನು ಬೆಳಗ್ಗೆ 'ಬೋನ್ ದಿಯ' ಎಂದು ಕೆತಲಾನಿನಲ್ಲಿ ವಂದಿಸಿದರೆ ಅಂಗಡಿಯವರ ಮುಖ ಅರಳುವುದೇಕೆಂದು, ಗಡಿನಾಡಿನಲ್ಲಿ ಎರಡು ಭಾಷೆಗಳ ನಡುವೆ ಬೆಳೆಯುವ ನಮ್ಮ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಬೇಕಲದ ಕೋಟೆಗೂ ಕಡಲಿಗೂ ಈಗ ದೂರದೂರದವರು ಬರುತ್ತಿದ್ದಾರೆ. ಬರಲಿ, ಬಂದವರಿಂದ ಊರು ಬೆಳೆಯಲಿ. ಆದರೆ ನೆಂಟರಿಗೆ ಚಾವಡಿಯಲ್ಲಿ ಮಣೆ ಹಾಕುವಾಗ ಬಾವಿಯ ನೀರನ್ನೂ ಮನೆಮಂದಿ ಮಲಗುವ ಕೋಣೆಯನ್ನೂ ಮನೆಯ ಮಾತನ್ನೂ ಕಾದಿಟ್ಟುಕೊಳ್ಳಬೇಕು. ಮನೆಯವರು ನೆಮ್ಮದಿಯಿಂದ ಇದ್ದರೆ ತಾನೆ ನೆಂಟರಿಗೂ ಸತ್ಕಾರ?