ವಾಹನಕ್ಕೆ ಅಂಟಿದ ಡಾಂಬರು: ತೆಗೆಯುವ ಸುರಕ್ಷಿತ ವಿಧಾನ

ಬೀದರ್, ಹುಮನಾಬಾದ್ ಕಡೆಯಿಂದ ಜಹೀರಾಬಾದ್ ಮಾರ್ಗವಾಗಿ ಹೈದರಾಬಾದನ್ನು ತಲುಪುವ ವಾಹನಗಳ ಚಕ್ರದ ಹಿಂಭಾಗ, ಬಾಗಿಲಿನ ಕೆಳ ಅಂಚು ಹಾಗೂ ಬಂಪರುಗಳ ಮೇಲೆ ಬೇಸಗೆಯಲ್ಲಿ ಕಪ್ಪು ಚುಕ್ಕೆಗಳು ಕಾಣಿಸಿಕೊಳ್ಳುವುದು ಸಾಮಾನ್ಯ. ಹೊಸದಾಗಿ ಡಾಂಬರು ಹಾಕಿದ ರಸ್ತೆಯಲ್ಲಿ ಸಂಚರಿಸಿದರಂತೂ ಇವು ತಪ್ಪುವುದಿಲ್ಲ. ಸಾಬೂನು ನೀರಿಗೆ ಜಗ್ಗದ ಈ ಕಲೆಗಳನ್ನು ಕಂಡು ಬೇಸತ್ತವರು ಚಾಕು, ಉಜ್ಜುಕಾಗದ ಅಥವಾ ಪೆಟ್ರೋಲಿನ ಮೊರೆ ಹೋಗುತ್ತಾರೆ. ಕಲೆಯಿಂದ ಆಗುವ ಹಾನಿಗಿಂತ ಈ ಉಪಾಯಗಳಿಂದ ಆಗುವ ಹಾನಿಯೇ ಹೆಚ್ಚು.

ರೂಢಿಯಲ್ಲಿ ಡಾಂಬರು ಎಂದು ಕರೆಯಲಾಗುವ ವಸ್ತು ಇಂದಿನ ರಸ್ತೆಗಳಲ್ಲಿ ಬಹುಮಟ್ಟಿಗೆ ಬಿಟುಮೆನ್ ಆಗಿರುತ್ತದೆ. ಇದು ಕಚ್ಚಾ ತೈಲವನ್ನು ಶುದ್ಧೀಕರಿಸಿದ ಬಳಿಕ ಉಳಿಯುವ ಅಂಟು ಪದಾರ್ಥ. ನಿಜವಾದ ಟಾರು ಕಲ್ಲಿದ್ದಲಿನಿಂದ ದೊರೆಯುವಂಥದು. ಹೈದರಾಬಾದಿನ ತಾರ್ನಾಕದಲ್ಲಿರುವ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯು 1944ರಲ್ಲಿ ಹೈದರಾಬಾದ್ ಸಂಸ್ಥಾನದ ಪ್ರಯೋಗಾಲಯವಾಗಿ ಆರಂಭವಾಗಿ, ಮುಂದೆ ಕಲ್ಲಿದ್ದಲನ್ನು ಕಡಿಮೆ ಉಷ್ಣತೆಯಲ್ಲಿ ಕಾಯಿಸಿ ಟಾರು ಮುಂತಾದ ಉತ್ಪನ್ನಗಳನ್ನು ಪಡೆಯುವ ಬಗ್ಗೆ ಸಂಶೋಧನೆ ನಡೆಸಿತ್ತು. ಕಲೆ ತೆಗೆಯುವವರಿಗೆ ಈ ವ್ಯತ್ಯಾಸ ಅಷ್ಟು ಮುಖ್ಯವಲ್ಲ. ಎರಡೂ ನೀರಿನಲ್ಲಿ ಕರಗುವುದಿಲ್ಲ, ಎರಡೂ ಎಣ್ಣೆಯ ಜಾತಿಯ ದ್ರವಗಳಿಗೆ ಸಡಿಲಗೊಳ್ಳುತ್ತವೆ.

ನಮ್ಮ ರಸ್ತೆಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ವಿಜಿ-30 ದರ್ಜೆಯ ಬಿಟುಮೆನ್ ಕನಿಷ್ಠ 47 ಡಿಗ್ರಿ ಸೆಲ್ಸಿಯಸ್‌ವರೆಗೆ ಮೆತ್ತಗಾಗಬಾರದೆಂದು ಭಾರತೀಯ ಮಾನಕವು ವಿಧಿಸುತ್ತದೆ. ಆದರೆ ಮೇ ತಿಂಗಳಲ್ಲಿ ಹೈದರಾಬಾದಿನ ಉಷ್ಣತೆ 40 ಡಿಗ್ರಿ ದಾಟಿದಾಗ ಬಿಸಿಲು ಹೀರಿದ ಕಪ್ಪು ರಸ್ತೆಯ ಮೇಲ್ಮೈ 60 ಡಿಗ್ರಿಯನ್ನೂ ಮೀರಬಹುದು. ಆಗ ಚಕ್ರಗಳು ಮೆತ್ತಗಾದ ಅಂಟನ್ನು ಜಲ್ಲಿಪುಡಿಯ ಸಮೇತ ಮೇಲಕ್ಕೆ ಸಿಡಿಸುತ್ತವೆ. ಈ ಪುಡಿಯ ಬಗ್ಗೆ ವಿಶೇಷ ಎಚ್ಚರ ಬೇಕು. ಕಲೆಯನ್ನು ಒಣಬಟ್ಟೆಯಿಂದ ಉಜ್ಜಿದಾಗ ಬಣ್ಣವನ್ನು ಗೀರುವುದು ಡಾಂಬರಲ್ಲ, ಅದರೊಳಗೆ ಅಡಗಿರುವ ಕಲ್ಲಿನ ಕಣ.

ಕಾರಿನ ಬಣ್ಣದ ಎಲ್ಲ ಪದರಗಳು ಸೇರಿದರೂ ಅದರ ದಪ್ಪ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದ ಆಸುಪಾಸಿನಲ್ಲಿರುತ್ತದೆ. ಕ್ರೋಮಿಯಂ ಲೇಪ ಇದಕ್ಕಿಂತಲೂ ಬಹಳ ತೆಳು: ಸಾಮಾನ್ಯವಾಗಿ ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕೂ ಕಡಿಮೆ. ಅದರ ಕೆಳಗಿನ ನಿಕ್ಕಲ್ ಪದರವೇ ಉಕ್ಕನ್ನು ತುಕ್ಕಿನಿಂದ ಕಾಪಾಡುವಂಥದು. ಪಾತ್ರೆ ಉಜ್ಜುವ ಉಕ್ಕಿನ ನಾರಿನಿಂದ ಬಂಪರನ್ನು ತಿಕ್ಕಿದರೆ ಆ ದಿನ ಹೊಳಪು ಬಂದಂತೆ ಕಂಡರೂ, ಸವೆದ ಜಾಗದಲ್ಲಿ ಮಳೆಗಾಲ ಮುಗಿಯುವಷ್ಟರಲ್ಲಿ ತುಕ್ಕಿನ ಚುಕ್ಕೆಗಳು ಏಳಬಹುದು. ಮರುಲೇಪನಕ್ಕೆ ತಗಲುವ ವೆಚ್ಚ ಅಲ್ಪವೇನಲ್ಲ.

ಬಹುಪಾಲು ಕಲೆಗಳಿಗೆ ಮನೆಯಲ್ಲಿರುವ ಕೊಬ್ಬರಿ ಎಣ್ಣೆ ಅಥವಾ ಶೇಂಗಾ ಎಣ್ಣೆಯೇ ಸಾಕು. ಸ್ವಲ್ಪ ಗಟ್ಟಿಯಾದವಕ್ಕೆ ನೀಲಗಿರಿ ತೈಲವನ್ನು ಮಿತವಾಗಿ ಬಳಸಬಹುದು. ವಾಹನವನ್ನು ನೆರಳಿನಲ್ಲಿ ನಿಲ್ಲಿಸಿ, ಲೋಹ ಆರಿದ ಬಳಿಕ ಮೊದಲು ಧಾರಾಳ ನೀರಿನಿಂದ ಧೂಳನ್ನು ತೊಳೆಯಬೇಕು. ಎಣ್ಣೆಯಲ್ಲಿ ನೆನೆಸಿದ ಹಳೆಯ ಹತ್ತಿ ಬಟ್ಟೆಯನ್ನು ಕಲೆಯ ಮೇಲೆ ಐದು ಹತ್ತು ನಿಮಿಷ ಒತ್ತಿ ಇಟ್ಟರೆ ಡಾಂಬರು ಕಂದುಬಣ್ಣಕ್ಕೆ ತಿರುಗಿ ಇಳಿಯತೊಡಗುತ್ತದೆ. ಅದನ್ನು ತಿಕ್ಕದೆ, ಬಟ್ಟೆಯ ಮಗ್ಗುಲನ್ನು ಬದಲಿಸುತ್ತ ಮೆಲ್ಲಗೆ ಎತ್ತಿ ತೆಗೆಯಬೇಕು. ಒಮ್ಮೆಗೆ ಹೋಗದಿದ್ದರೆ ಮತ್ತೊಮ್ಮೆ ನೆನೆಸುವುದೇ ಸರಿ, ಬಲ ಪ್ರಯೋಗ ಸಲ್ಲದು. ಕೊನೆಗೆ ಸಾಬೂನು ನೀರಿನಿಂದ ಎಣ್ಣೆಯನ್ನು ತೊಳೆದು, ಒರೆಸಿ, ಮೇಣದ ಪಾಲಿಶ್ ಹಚ್ಚಿದರೆ ಮುಂದೆ ಸಿಡಿದ ಡಾಂಬರು ಅಷ್ಟು ಬಿಗಿಯಾಗಿ ಹಿಡಿಯುವುದಿಲ್ಲ. ಬ್ರೇಕಿನ ಡಿಸ್ಕಿಗಾಗಲಿ ಟೈರಿಗಾಗಲಿ ಎಣ್ಣೆ ತಾಗದಂತೆ ನೋಡಿಕೊಳ್ಳತಕ್ಕದ್ದು.

ಸೀಮೆಎಣ್ಣೆ ಇನ್ನೂ ಬೇಗ ಕೆಲಸ ಮಾಡುತ್ತದೆ, ನಿಜ. ಅದು ಪೆಟ್ರೋಲಿನಷ್ಟು ಅಪಾಯಕಾರಿಯಲ್ಲವೆಂಬ ನಂಬಿಕೆಯೂ ತಂಪು ಹವೆಯ ಮಟ್ಟಿಗೆ ಸರಿಯೇ. ಆದರೆ ಸೀಮೆಎಣ್ಣೆಯ ಆವಿಯು ಕಿಡಿ ತಾಗಿದರೆ ಹೊತ್ತಿಕೊಳ್ಳುವ ಉಷ್ಣತೆಗೆ ಮಾನಕವು ವಿಧಿಸಿರುವ ಕನಿಷ್ಠ ಮಿತಿ 35 ಡಿಗ್ರಿ. ಹೈದರಾಬಾದಿನ ಅಥವಾ ಕಲಬುರಗಿಯ ಬೇಸಗೆಯ ಮಧ್ಯಾಹ್ನ ಇದನ್ನು ಸುಲಭವಾಗಿ ದಾಟುತ್ತದೆ. ಆಗತಾನೆ ನಿಲ್ಲಿಸಿದ ಮೋಟಾರ್ ಸೈಕಲ್ಲಿನ ಸೈಲೆನ್ಸರಿನ ಮೇಲೆ ಸೀಮೆಎಣ್ಣೆ ಬಟ್ಟೆ ಇಡುವುದು ಬೆಂಕಿಯನ್ನು ಆಹ್ವಾನಿಸಿದಂತೆ. ಪೆಟ್ರೋಲಿನ ಆವಿಗಂತೂ ಬೇಸಗೆಯೇ ಬೇಕಿಲ್ಲ. ಸೊನ್ನೆಗಿಂತ ಬಹಳ ಕೆಳಗಿನ ಚಳಿಯಲ್ಲೂ ಅದು ಹೊತ್ತಿಕೊಳ್ಳಬಲ್ಲದು. ಗಾಳಿಗಿಂತ ಭಾರವಾದ್ದರಿಂದ ಅದು ನೆಲಮಟ್ಟದಲ್ಲಿ ಹರಡಿ ನಿಲ್ಲುತ್ತದೆ. ಹೈದರಾಬಾದಿನ ವಸತಿ ಸಮುಚ್ಚಯಗಳಲ್ಲಿ ವಾಹನ ನಿಲ್ಲಿಸುವ ಸೆಲ್ಲಾರುಗಳಲ್ಲಿ ನೀರೆತ್ತುವ ಮೋಟಾರಿನ ಸ್ವಿಚ್ಚೂ ಇರುವುದುಂಟು. ಅಂಥ ಜಾಗದಲ್ಲಿ ಪೆಟ್ರೋಲಿನಿಂದ ಒರೆಸುತ್ತಿರುವಾಗ ಯಾರಾದರೂ ಸ್ವಿಚ್ ಹಾಕಿದರೆ ಅದರ ಕಿಡಿಯೊಂದೇ ಸಾಕು.

ಥಿನ್ನರ್ ಬಳಕೆ ಬೇರೊಂದು ಬಗೆಯ ನಷ್ಟವನ್ನು ತರುತ್ತದೆ. ಕಾರ್ಖಾನೆಯಲ್ಲಿ ಕಾಯಿಸಿ ಗಟ್ಟಿಗೊಳಿಸಿದ ಬಣ್ಣ ಸ್ವಲ್ಪ ಹೊತ್ತು ತಡೆದೀತು. ಆದರೆ ರಸ್ತೆ ಬದಿಯ ಶೆಡ್ಡುಗಳಲ್ಲಿ ಮರುಬಣ್ಣ ಕಂಡ ಸ್ಕೂಟರ್ ಮತ್ತು ಆಟೋರಿಕ್ಷಾಗಳ ಗಾಳಿಯಲ್ಲಿ ಒಣಗಿದ ಬಣ್ಣವು ಅನೇಕ ವೇಳೆ ಡಾಂಬರಿನ ಜೊತೆಗೇ ಕರಗಿ ಬಟ್ಟೆಗೆ ಬರುತ್ತದೆ. ಪ್ಲಾಸ್ಟಿಕ್ ದೀಪದ ಗವಸುಗಳು ಥಿನ್ನರಿನಿಂದ ಮಬ್ಬಾಗುತ್ತವೆ. ಆದುದರಿಂದ ಅಂಗಡಿಯಲ್ಲಿ ದೊರೆಯುವ ಡಾಂಬರು ನಿವಾರಕಗಳನ್ನು ಕೂಡ ಮೊದಲು ಕಣ್ಣಿಗೆ ಬೀಳದ ಮೂಲೆಯಲ್ಲಿ ಪರೀಕ್ಷಿಸಿ ನೋಡುವುದು ಲೇಸು.

ಬಳಸಿ ಉಳಿದ ಎಣ್ಣೆಯನ್ನು ಚರಂಡಿಗೆ ಸುರಿಯಬಾರದು. ಹೈದರಾಬಾದಿನ ನಾಲೆಗಳು ಕೊನೆಗೆ ಸೇರುವುದು ಹುಸೇನ್ ಸಾಗರ ಮತ್ತು ಮೂಸಿ ನದಿಯನ್ನು. ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಯಲ್ಲಿ ಒಟ್ಟದೆ, ಬೆಂಕಿಯಿಂದ ದೂರ ಬಯಲಿನಲ್ಲಿ ಹರಡಿ ಒಣಗಿಸಿದ ನಂತರವೇ ವಿಲೇವಾರಿ ಮಾಡಬೇಕು.