ಗ್ಯಾಸಿಗೊಂದು ಗೂಡು

ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ಬೆಳೆಗಾರರಿಗೆ ಗೋಬರ್ ಗ್ಯಾಸ್ ಹೊಸದೇನಲ್ಲ. ಬೇಸಿಗೆಯಲ್ಲಿ ಚೆನ್ನಾಗಿ ಬರುವ ಗ್ಯಾಸು ಮಳೆಗಾಲದ ಥಂಡಿಗೆ ಕಡಿಮೆಯಾಗುತ್ತದೆ. ಮಿಕ್ಕಿದ್ದನ್ನು ಕೂಡಿಡುವುದು ಸುಲಭವಲ್ಲ. ಅದರಲ್ಲಿರುವ ಮೀಥೇನ್ ಎಲ್‌ಪಿಜಿಯಂತೆ ಬೇಗ ದ್ರವವಾಗದು. ಸಿಲಿಂಡರಿಗೆ ತುಂಬಲು ಭಾರಿ ಒತ್ತಡ ಬೇಕು.

ಇಲ್ಲಿ ನೆರವಾಗಬಲ್ಲದ್ದು ಎಂಒಎಫ್, ಅಂದರೆ ಲೋಹ-ಸಾವಯವ ಚೌಕಟ್ಟು. ಲೋಹದ ಅಯಾನುಗಳನ್ನು ಸಾವಯವ ಅಣುಗಳಿಂದ ಜೋಡಿಸಿದ ಈ ಹರಳಿನ ತುಂಬ ಜೇನುಗೂಡಿನಂಥ ಕೋಣೆಗಳು. ಒತ್ತಡ ಕೊಟ್ಟರೆ ಮೀಥೇನ್ ಗೋಡೆಗಳಿಗೆ ಅಂಟಿ ನಿಲ್ಲುತ್ತದೆ, ಇಳಿಸಿದರೆ ಹೊರಬರುತ್ತದೆ. ಹಾಗಾಗಿ ಕಡಿಮೆ ಒತ್ತಡದಲ್ಲೇ ಹೆಚ್ಚು ಅನಿಲ ಹಿಡಿಸುತ್ತದೆ. ಇದಕ್ಕೆ ಬುನಾದಿ ಹಾಕಿದ ರಾಬ್ಸನ್, ಕಿಟಗಾವಾ, ಯಾಘಿ ಅವರಿಗೆ 2025ರ ರಸಾಯನಶಾಸ್ತ್ರ ನೊಬೆಲ್ ಬಂತು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲೂ ಈ ಸಂಶೋಧನೆ ನಡೆದಿದೆ.

ತೊಡಕೂ ಇದೆ. ಬೆಲೆ ಹೆಚ್ಚು, ಹಲವು ಎಂಒಎಫ್‌ಗಳು ತೇವಕ್ಕೆ ಕೆಡುತ್ತವೆ. ಗೋಬರ್ ಗ್ಯಾಸಿನ ನೀರಿನಂಶ, ಗಂಧಕದ ಅನಿಲವನ್ನು ಮೊದಲೇ ತೆಗೆಯಬೇಕು. ಇದು ರಸಾಯನಶಾಸ್ತ್ರದವರ ಕೆಲಸ. ಬಿಎಸ್ಸಿ ಮುಗಿಸಿ ‘ಮುಂದೇನು?’ ಎನ್ನುತ್ತಿದ್ದೀರಾ? ಜಾಮ್ ಪರೀಕ್ಷೆ ಬರೆದರೆ ಐಐಟಿಗಳಲ್ಲಿ ಎಂಎಸ್ಸಿಗೆ ದಾರಿಯುಂಟು. ಬಿಡಿಸಬೇಕಾದ ಲೆಕ್ಕವಂತೂ ಕೊಟ್ಟಿಗೆಯ ಪಕ್ಕದಲ್ಲೇ ಇದೆ.