ನೆಲದ ಬೆಲೆ, ನೆರೆಯವರ ಋಣ

ನ್ಯೂಯಾರ್ಕ್ ನಗರದ ವೆಸ್ಟ್ ಹಾರ್ಲೆಮ್ ಬಡಾವಣೆಯಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯವು ಸುಮಾರು 17 ಎಕರೆಗಳ ಹೊಸ ಆವರಣವನ್ನು ನಿರ್ಮಿಸುತ್ತಿದೆ. ಮೇಲಂತಸ್ತುಗಳಲ್ಲಿ ಪ್ರಯೋಗಾಲಯ, ತರಗತಿಗಳು. ನೆಲಮಹಡಿಯಲ್ಲಿ ಸಾರ್ವಜನಿಕರಿಗೂ ತೆರೆದ ಅಂಗಡಿ, ಉಪಾಹಾರಗೃಹಗಳು. ಯೋಜನೆಗೆ ನಗರಸಭೆಯು 2007ರಲ್ಲಿ ಒಪ್ಪಿಗೆಯಿತ್ತಿತು. ಬಡಾವಣೆಯ ವಸತಿ, ಶಿಕ್ಷಣ ಮುಂತಾದವುಗಳಿಗಾಗಿ 15 ಕೋಟಿ ಡಾಲರ್ ನೀಡುವ ಒಪ್ಪಂದಕ್ಕೆ ವಿಶ್ವವಿದ್ಯಾಲಯವು 2009ರಲ್ಲಿ ಸಹಿ ಹಾಕಿತು.

ಆದರೆ ಗೋದಾಮು, ಪೆಟ್ರೋಲ್ ಬಂಕ್‌ಗಳ ಕೆಲವು ಒಡೆಯರು ಜಾಗ ಮಾರಲೊಲ್ಲದೆ ನ್ಯಾಯಾಲಯದ ಮೆಟ್ಟಿಲೇರಿದರು. ಸಾರ್ವಜನಿಕ ಹಿತಕ್ಕಾಗಿ ಸರ್ಕಾರವು ಆ ಜಾಗವನ್ನು ವಶಪಡಿಸಿಕೊಳ್ಳಬಹುದೆಂದು ರಾಜ್ಯದ ಅತ್ಯುನ್ನತ ನ್ಯಾಯಾಲಯವು 2010ರಲ್ಲಿ ತೀರ್ಪಿತ್ತಿತು.

ವಿದ್ಯೆ ಸಾರ್ವಜನಿಕ ಹಿತವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಗುರಿ ಒಳಿತಾದ ಮಾತ್ರಕ್ಕೆ ಬಲವಂತವೂ ಒಳಿತಾಗದು. ಹಣದಿಂದ ನೆಲದ ಬೆಲೆ ಸಂದೀತು. ನೆರೆಯವರ ಋಣ ತೀರದು. ನಮ್ಮ ವಿದ್ಯಾಸಂಸ್ಥೆಗಳೂ ಅಡಿಗಲ್ಲು ಹಾಕುವ ಮುನ್ನ ನೆರೆಮನೆಯ ಬಾಗಿಲನ್ನು ತಟ್ಟಲಿ.